ದಿನಾ ಓಡುವ ಹಳೆಯ ಕಾರಿಗೆ ವಿಮೆ: ಬೆಲೆಯನ್ನು ಮೊದಲೇ ಬರೆಸಿ

ಹುಬ್ಬಳ್ಳಿ-ಧಾರವಾಡದಲ್ಲಿ ಹಳೆಯ ಕಾರು ಇಟ್ಟುಕೊಂಡವರು ಎರಡು ಬಗೆ. ಕಾರನ್ನು ಶೆಡ್ಡಿನಲ್ಲಿ ಮುಚ್ಚಿಟ್ಟು, ಖಂಡೇಪೂಜೆಗೆ ತೊಳೆದು, ಪ್ರದರ್ಶನವಿದ್ದಾಗಷ್ಟೇ ಹೊರಗೆ ತೆಗೆಯುವವರು ಒಂದು ಬಗೆ. ಅದೇ ಕಾರಿನಲ್ಲಿ ಬೆಳಿಗ್ಗೆ ಮಕ್ಕಳನ್ನು ಸಾಲಿಗೆ ಬಿಟ್ಟು, ಸಂಜೆ ಜನತಾ ಬಜಾರಿನಿಂದ ಕಾಯಿಪಲ್ಲೆ ತಂದು, ಕೆಲಸ ಬಿದ್ದಾಗಲೆಲ್ಲ ಪಿ.ಬಿ. ರಸ್ತೆ ಹಿಡಿದು ಎರಡೂ ಊರಿನ ನಡುವೆ ಓಡಾಡುವವರು ಇನ್ನೊಂದು ಬಗೆ. ಈ ಲೇಖನ ಎರಡನೆಯವರನ್ನು ಕುರಿತದ್ದು. ಅವರ ಕಾರು ಅರವತ್ತರ ದಶಕದ ಫಿಯಾಟ್ 1100 ಇರಬಹುದು, ಎಪ್ಪತ್ತರ ದಶಕದ ಅಂಬಾಸಿಡರ್ ಇರಬಹುದು, ಅಪ್ಪ ಕೊಂಡ ಪ್ರೀಮಿಯರ್ ಪದ್ಮಿನಿಯೋ ಮೊದಮೊದಲ ಮಾರುತಿ 800ಓ ಇರಬಹುದು.

ಅಂಥ ಕಾರಿನ ವಿಮೆಯ ಮಾತು ಬಂದಾಗ ಸಾಮಾನ್ಯವಾಗಿ ಕೇಳಿಬರುವ ಸಲಹೆ ಒಂದೇ: “ಇಷ್ಟು ಹಳೇ ಗಾಡಿಗೆ ಫುಲ್ ಇನ್ಶೂರೆನ್ಸ್ ಯಾಕ್ರೀ? ಥರ್ಡ್ ಪಾರ್ಟಿ ಮಾಡಿಸಿ ಬಿಡ್ರಿ.” ರೊಕ್ಕ ಉಳಿಸುವ ಸಲಹೆ ಇದು. ಆದರೆ ದಿನಾ ರಸ್ತೆಗಿಳಿಯುವ ಕಾರಿಗೆ ಇದು ಸಾಲದು ಎಂಬುದು ನನ್ನ ಖಚಿತ ಅಭಿಪ್ರಾಯ. ಯಾಕೆ ಸಾಲದು ಎಂದು ತಿಳಿಯಬೇಕಾದರೆ ಕಾನೂನು, ನೋಂದಣಿ, ಕಾರಿನ ಬೆಲೆ, ಕಾರಿನೊಳಗೆ ಕೂತವರು ಎಂಬ ನಾಲ್ಕು ಸಂಗತಿಗಳನ್ನು ಒಂದೊಂದಾಗಿ ನೋಡಬೇಕು.

ಕಡ್ಡಾಯವಾದದ್ದು

ನಮ್ಮ ದೇಶದಲ್ಲಿ ಮೋಟಾರು ವಿಮೆ ಕಡ್ಡಾಯವಾದದ್ದು 1946ರ ಜುಲೈ 1ರಿಂದ. 1939ರ ಮೋಟಾರು ವಾಹನ ಕಾಯ್ದೆಯಲ್ಲಿದ್ದ ವಿಮೆಯ ಅಧ್ಯಾಯ ಅಂದು ಜಾರಿಗೆ ಬಂತು. ಈಗ ಇರುವುದು 1988ರ ಕಾಯ್ದೆ. ಅದರ 146ನೇ ಕಲಮಿನ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಓಡುವ ಪ್ರತಿ ವಾಹನಕ್ಕೂ ಥರ್ಡ್ ಪಾರ್ಟಿ ವಿಮೆ ಇರಲೇಬೇಕು. ಕಾರು ನಿನ್ನೆ ಕೊಂಡದ್ದಾದರೂ ಒಂದೇ, ಅಜ್ಜನ ಕಾಲದ್ದಾದರೂ ಒಂದೇ. ವಿಮೆಯಿಲ್ಲದೆ ಸಿಕ್ಕಿಬಿದ್ದರೆ 196ನೇ ಕಲಮಿನಡಿ ಮೊದಲ ಸಲ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಸೆರೆ ಅಥವಾ ಎರಡೂ. ಮತ್ತೆ ಸಿಕ್ಕರೆ ದಂಡ 4,000 ರೂಪಾಯಿ.

ನಿಜವಾಗಿ ಅಂಜಬೇಕಾದದ್ದು ದಂಡಕ್ಕಲ್ಲ. ನಮ್ಮ ಕಾರು ಬಡಿದು ದಾರಿಹೋಕರೊಬ್ಬರು ಸತ್ತರೆ ಅಥವಾ ಕೈಕಾಲು ಕಳೆದುಕೊಂಡರೆ, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಅವರ ವಯಸ್ಸು, ದುಡಿಮೆ, ಅವಲಂಬಿತರನ್ನು ನೋಡಿ ಪರಿಹಾರ ಗೊತ್ತುಮಾಡುತ್ತದೆ. ಆ ಮೊತ್ತ ಹಲವು ಲಕ್ಷಕ್ಕೆ ಸಲೀಸಾಗಿ ಹೋಗುತ್ತದೆ. ವಿಮೆ ಇದ್ದರೆ ಕಂಪನಿ ಕೊಡುತ್ತದೆ, ಇಲ್ಲದಿದ್ದರೆ ಮಾಲೀಕರ ಮನೆ-ಹೊಲದ ಮೇಲೆ ಬರುತ್ತದೆ. ಸಾವು-ನೋವಿನ ಮಟ್ಟಿಗೆ ಥರ್ಡ್ ಪಾರ್ಟಿ ವಿಮೆಯ ಹೊಣೆಗೆ ಮೇಲ್ಮಿತಿ ಇಲ್ಲ. ಬೇರೆಯವರ ಆಸ್ತಿಗೆ ಆದ ಹಾನಿಗೆ ಖಾಸಗಿ ಕಾರುಗಳಲ್ಲಿ 7.5 ಲಕ್ಷ ರೂಪಾಯಿಯವರೆಗೆ ರಕ್ಷಣೆಯಿದೆ.

ಇದರ ದರವನ್ನು ಸರ್ಕಾರವೇ ನಿಗದಿ ಮಾಡುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ 1000 ಸಿಸಿವರೆಗಿನ ಖಾಸಗಿ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1000ದಿಂದ 1500 ಸಿಸಿವರೆಗೆ 3,416 ರೂಪಾಯಿ, ಅದಕ್ಕೂ ಮೇಲ್ಪಟ್ಟರೆ 7,897 ರೂಪಾಯಿ. ಇದರ ಮೇಲೆ ಶೇಕಡ 18 ಜಿಎಸ್‌ಟಿ. ಮಾರುತಿ 800 ಮೊದಲ ವರ್ಗಕ್ಕೆ ಬರುತ್ತದೆ. 1089 ಸಿಸಿಯ ಪದ್ಮಿನಿ, 1489 ಸಿಸಿಯ ಹಳೆಯ ಪೆಟ್ರೋಲ್ ಅಂಬಾಸಿಡರ್ ಎರಡನೆಯದಕ್ಕೆ. ಮುಂದೆ ಬಂದ ಇಸುಜು ಎಂಜಿನ್ನಿನ 1800 ಸಿಸಿ ಅಂಬಾಸಿಡರ್ ಮೂರನೆಯದಕ್ಕೆ. ಹೊರಗಿನಿಂದ ನೋಡಿದರೆ ಹೆಚ್ಚುಕಡಿಮೆ ಒಂದೇ ಥರ ಕಾಣುವ ಎರಡು ಅಂಬಾಸಿಡರುಗಳ ಪ್ರೀಮಿಯಮ್ಮಿನಲ್ಲಿ ಎರಡು ಪಟ್ಟಿಗಿಂತ ಹೆಚ್ಚು ಅಂತರ ಬೀಳುವುದು ಇದರಿಂದಲೇ. ಆದ್ದರಿಂದ ಆರ್‌ಸಿಯಲ್ಲಿ ಸಿಸಿ ಸರಿಯಾಗಿ ನಮೂದಾಗಿದೆಯೇ ಎಂದು ಮೊದಲು ನೋಡಿಕೊಳ್ಳಬೇಕು.

ವಿಂಟೇಜ್ ನಂಬರ್ ಪ್ಲೇಟಿನ ಷರತ್ತು

ಆ ಪಟ್ಟಿಯಲ್ಲೇ ವಿಂಟೇಜ್ ಎಂದು ನೋಂದಣಿಯಾದ ಖಾಸಗಿ ಕಾರಿಗೆ ಅರ್ಧ ದರದ ರಿಯಾಯಿತಿ ಇದೆ. 1968ರ ಅಂಬಾಸಿಡರ್ ಇಟ್ಟುಕೊಂಡವರಿಗೆ ಇದು ಆಕರ್ಷಕವಾಗಿ ಕಾಣುತ್ತದೆ. ಆದರೆ ಷರತ್ತುಗಳನ್ನು ಪೂರ್ತಿ ಓದಬೇಕು.

ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ವಿಂಟೇಜ್ ವಾಹನಗಳ ಭಾಗವನ್ನು ಸೇರಿಸಿತು. ಮೊದಲ ನೋಂದಣಿಯಾಗಿ 50 ವರ್ಷ ತುಂಬಿದ, ಮೂಲ ರೂಪದಲ್ಲೇ ಉಳಿದಿರುವ, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಬದಲಾವಣೆ ಆಗದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ಇದು ಅನ್ವಯ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ಮರುನೋಂದಣಿಗೆ 5,000 ರೂಪಾಯಿ. ರಾಜ್ಯದ ಅಕ್ಷರಗಳ ನಂತರ “ವಿಎ” ಎಂದಿರುವ ಬೇರೆಯೇ ಸಂಖ್ಯೆ ಸಿಗುತ್ತದೆ. ಇಷ್ಟೆಲ್ಲ ಆದಮೇಲೆ ಬರುವ ಷರತ್ತು ಇದು: ಆ ಕಾರನ್ನು ದಿನನಿತ್ಯದ ಓಡಾಟಕ್ಕೂ ವ್ಯಾಪಾರಕ್ಕೂ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲ್ ಹಾಕಿಸುವುದು, ರಿಪೇರಿ, ಇವುಗಳಿಗಾಗಿ ಹೋಗಿ ಬರುವುದು ಇಷ್ಟಕ್ಕೇ ಅನುಮತಿ.

ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿರುವಂಥ ಕಾರುಗಳಿಗೆ ಈ ನಿಯಮ ಒಪ್ಪುತ್ತದೆ. ದಿನಾ ಓಡಿಸುವವರಿಗೆ ಒಪ್ಪುವುದಿಲ್ಲ. ಲಾಭವೂ ಅಂಥ ದೊಡ್ಡದಲ್ಲ. 1500 ಸಿಸಿ ಒಳಗಿನ ಕಾರಿಗೆ 3,416ರ ಬದಲು 1,708 ರೂಪಾಯಿ. ಜಿಎಸ್‌ಟಿ ಸೇರಿ ಉಳಿಯುವುದು ವರ್ಷಕ್ಕೆ ಎರಡು ಸಾವಿರದಷ್ಟು. ಅದಕ್ಕಾಗಿ ದಿನಬಳಕೆಯ ಹಕ್ಕನ್ನೇ ಬಿಟ್ಟುಕೊಡಬೇಕು. “ವಿಎ” ಪ್ಲೇಟು ಹಾಕಿಕೊಂಡು ದಿನಾ ಆಫೀಸಿಗೆ ಹೋಗಿ, ಅಪಘಾತವಾದಾಗ ಕಂಪನಿಯ ಮುಂದೆ ನಿಂತರೆ, ಅನುಮತಿಯಿಲ್ಲದ ಬಳಕೆ ಎಂಬ ತಕರಾರಿಗೆ ನಾವೇ ದಾರಿ ಮಾಡಿಕೊಟ್ಟಂತೆ. ದಿನಬಳಕೆಯ ಹಳೆಯ ಕಾರಿನವರು ವಿಂಟೇಜ್ ನೋಂದಣಿಯ ಆಸೆ ಬಿಡುವುದು ಒಳ್ಳೆಯದು.

ಪಾಸಿಂಗ್ ತಪ್ಪಬಾರದು

ಹಾಗಾದರೆ ಉಳಿಯುವುದು ಕೆಎ-25, ಕೆಎ-63ರಂಥ ಸಾಮಾನ್ಯ ನೋಂದಣಿ. ಖಾಸಗಿ ಕಾರಿನ ಆರ್‌ಸಿ ಮೊದಲು 15 ವರ್ಷ ನಡೆಯುತ್ತದೆ, ಆಮೇಲೆ ಐದೈದು ವರ್ಷಕ್ಕೊಮ್ಮೆ ಗಾಡಿಯನ್ನು ಇನ್‌ಸ್ಪೆಕ್ಟರಿಗೆ ತೋರಿಸಿ ನವೀಕರಿಸಬೇಕು. ನಮ್ಮ ಕಡೆ ಜನ ಇದನ್ನು ಪಾಸಿಂಗ್ ಅನ್ನುತ್ತಾರೆ. ಕಾರುಗಳ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 600 ರೂಪಾಯಿಯಿಂದ 5,000ಕ್ಕೆ ಏರಿತು. 2025ರ ಆಗಸ್ಟ್‌ನಲ್ಲಿ, 20 ವರ್ಷ ದಾಟಿದ ಕಾರುಗಳಿಗೆ ಅದನ್ನು 10,000 ರೂಪಾಯಿಗೆ ಏರಿಸಲಾಯಿತು. ಹಸಿರು ತೆರಿಗೆ ಬೇರೆ. ದಿಲ್ಲಿಯಲ್ಲಿ ಬಂದಂತೆ ವಯಸ್ಸಿನ ಮೇಲೆ ಕಾರು ನಿಲ್ಲಿಸುವ ನಿಷೇಧ ನಮ್ಮಲ್ಲಿಲ್ಲ. ಇಲ್ಲಿ ಪ್ರಶ್ನೆ ಕಾರು ಗಟ್ಟಿಯಾಗಿದೆಯೇ ಎಂಬುದಷ್ಟೇ.

ಶುಲ್ಕ ಜಾಸ್ತಿಯಾಯಿತೆಂದು ಪಾಸಿಂಗ್ ಮುಂದೂಡುವವರು ಬಹಳ. ವಿಮೆಯ ದೃಷ್ಟಿಯಿಂದ ಇದಕ್ಕಿಂತ ದೊಡ್ಡ ತಪ್ಪಿಲ್ಲ. 2014ರಲ್ಲಿ ನರಿಂದರ್ ಸಿಂಗ್ ಮತ್ತು ನ್ಯೂ ಇಂಡಿಯಾ ಅಶ್ಯೂರೆನ್ಸ್ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಈ ಬಗ್ಗೆ ನೇರವಾಗಿ ಹೇಳಿತು. ತಾತ್ಕಾಲಿಕ ನೋಂದಣಿ ಮುಗಿದಿದ್ದ ವಾಹನ ರಸ್ತೆಯಲ್ಲಿ ಅಪಘಾತಕ್ಕೀಡಾಗಿತ್ತು. ನೋಂದಣಿಯಿಲ್ಲದೆ ಓಡಿಸುವುದು ಪಾಲಿಸಿಯ ಮೂಲ ಷರತ್ತಿನ ಉಲ್ಲಂಘನೆ, ಆದ್ದರಿಂದ ವಾಹನದ ಹಾನಿಯನ್ನು ಕಂಪನಿ ತುಂಬಬೇಕಿಲ್ಲ ಎಂದಿತು ನ್ಯಾಯಾಲಯ. 2021ರ ಸೆಪ್ಟೆಂಬರಿನಲ್ಲಿ, ತಾತ್ಕಾಲಿಕ ನೋಂದಣಿ ಮುಗಿದ ಮೇಲೆ ಜೋಧಪುರದಲ್ಲಿ ಕಳುವಾದ ಬೊಲೆರೊ ಪ್ರಕರಣದಲ್ಲೂ ಅದೇ ತೀರ್ಪು ಬಂತು. ಎರಡೂ ಹೊಸ ವಾಹನಗಳ ಪ್ರಕರಣಗಳೇ. ಆದರೂ ಆರ್‌ಸಿ ಅವಧಿ ಮುಗಿದ ಹಳೆಯ ಕಾರಿಗೆ ಅದೇ ತರ್ಕ ತಾಗುವ ಅಪಾಯ ಸ್ಪಷ್ಟವಾಗಿದೆ. ಪ್ರೀಮಿಯಮ್ ಕಟ್ಟಿದ ರಸೀದಿ ಕೈಯಲ್ಲಿದ್ದೂ ಕ್ಲೇಮ್ ಕೈತಪ್ಪಬಹುದು.

ಇನ್ನೊಂದು ತೊಡಕು ದಾಖಲೆಯದು. ಮೈಸೂರು ರಾಜ್ಯದ ಕಾಲದ, “ಎಂವೈ” ಎಂದು ಶುರುವಾಗುವ ಸಂಖ್ಯೆಯ ಕಾರುಗಳ ವಿವರ ಎಷ್ಟೋ ಸಲ ಹಳೆಯ ಆರ್‌ಸಿ ಪುಸ್ತಕದಲ್ಲಿ ಮಾತ್ರ ಇರುತ್ತದೆ. “ವಾಹನ್” ಗಣಕ ದಾಖಲೆಗೆ ಅದು ಏರಿರುವುದಿಲ್ಲ. ಆನ್‌ಲೈನಿನಲ್ಲಿ ಪಾಲಿಸಿ ಕೊಳ್ಳಲು ಹೋದರೆ ಸಂಖ್ಯೆಯೇ ಸಿಗುವುದಿಲ್ಲ. ಆರ್‌ಟಿಒ ಕಚೇರಿಯಲ್ಲಿ ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಿಕೊಳ್ಳುವುದು ಮೊದಲ ಕೆಲಸ. ಹಾಗೆ ಮಾಡುವಾಗ ಚಾಸಿ ಸಂಖ್ಯೆಯ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ತಿಕ್ಕಿ ಅಚ್ಚು ತೆಗೆಯುತ್ತಾರೆ. ಐವತ್ತು ವರ್ಷದ ತುಕ್ಕು, ಪದರಪದರವಾಗಿ ಬಳಿದ ಬಣ್ಣದ ಅಡಿಯಲ್ಲಿ ಒಂದು ಅಂಕಿ ಮಸುಕಾಗಿದ್ದರೂ ಕೆಲಸ ನಿಲ್ಲುತ್ತದೆ. ಮೇಸ್ತ್ರಿಯಿಂದ ಆ ಜಾಗವನ್ನು ಹುಷಾರಾಗಿ ಒರೆಸಿಸಿ ಸಿದ್ಧಮಾಡಿಕೊಂಡು ಹೋಗಬೇಕು. ಎಲ್‌ಪಿಜಿ ಕಿಟ್ ಕೂಡಿಸಿದ್ದರೆ, ಎಂಜಿನ್ ಬದಲಾಗಿದ್ದರೆ, ಆರ್‌ಸಿ ಮತ್ತು ಪಾಲಿಸಿ ಎರಡರಲ್ಲೂ ಅದು ಬರೆದಿರಬೇಕು.

ಕಾರಿನ ಬೆಲೆ ಎಷ್ಟು?

ಈಗ ಮುಖ್ಯ ಪ್ರಶ್ನೆಗೆ ಬರೋಣ. ಫುಲ್ ಇನ್ಶೂರೆನ್ಸ್ ಅಂದರೆ ಥರ್ಡ್ ಪಾರ್ಟಿ ಜೊತೆಗೆ ನಮ್ಮ ಕಾರಿನ ಸ್ವಂತ ಹಾನಿಗೂ ರಕ್ಷಣೆ: ಅಪಘಾತ, ಬೆಂಕಿ, ಕಳ್ಳತನ, ನೆರೆ, ಗಲಭೆ. ಹಳೆಯ ವೈರಿಂಗಿನಿಂದ ತಾನಾಗಿ ಬೆಂಕಿ ಹತ್ತಿಕೊಂಡರೂ ಪಾಲಿಸಿಯೊಳಗೆ ಬರುತ್ತದೆ. ಸವೆತ, ಎಂಜಿನ್ ಕೆಟ್ಟು ನಿಲ್ಲುವುದು ಬರುವುದಿಲ್ಲ. ಇದೆಲ್ಲಕ್ಕೂ ಆಧಾರ ಐಡಿವಿ, ಅಂದರೆ ಪಾಲಿಸಿಯಲ್ಲಿ ನಮೂದಾದ ಕಾರಿನ ಬೆಲೆ.

2002ರ ಜುಲೈ 1ರಿಂದ ಜಾರಿಗೆ ಬಂದ ಇಂಡಿಯಾ ಮೋಟಾರ್ ಟ್ಯಾರಿಫ್ ಐದು ವರ್ಷದವರೆಗಿನ ಕಾರಿಗೆ ಸವಕಳಿಯ ಕೋಷ್ಟಕ ಕೊಟ್ಟಿದೆ; ಐದನೇ ವರ್ಷಕ್ಕೆ ಬೆಲೆ ಅರ್ಧ. ಐದು ವರ್ಷ ದಾಟಿದ ಮತ್ತು ಉತ್ಪಾದನೆ ನಿಂತ ಮಾದರಿಗಳ ಐಡಿವಿಯನ್ನು ಕಂಪನಿ ಮತ್ತು ಗ್ರಾಹಕ ಮಾತಾಡಿಕೊಂಡು ನಿರ್ಧರಿಸಬೇಕು ಎನ್ನುತ್ತದೆ ಅದೇ ಟ್ಯಾರಿಫ್. ಪದ್ಮಿನಿ ನಿಂತದ್ದು ಈ ಶತಮಾನದ ಆರಂಭದಲ್ಲಿ, ಅಂಬಾಸಿಡರ್ 2014ರಲ್ಲಿ. ಇವೆಲ್ಲ ಈ ನಿಯಮದೊಳಗೇ ಬರುತ್ತವೆ. ಅಂದರೆ ಕಾರಿನ ಬೆಲೆಯ ಬಗ್ಗೆ ಮಾತಾಡುವ ಹಕ್ಕು ನಮಗಿದೆ. ಹೆಚ್ಚಿನವರು ಅದನ್ನು ಬಳಸುವುದೇ ಇಲ್ಲ. ಗಣಕಯಂತ್ರ ತೋರಿಸಿದ ಚಿಕ್ಕ ಮೊತ್ತಕ್ಕೆ ತಲೆಯಾಡಿಸಿ ಬರುತ್ತಾರೆ.

ಅದರ ಪರಿಣಾಮವನ್ನು ಒಂದು ಲೆಕ್ಕದಲ್ಲಿ ನೋಡೋಣ. ಪದ್ಮಿನಿಯೊಂದರ ಐಡಿವಿ 35,000 ರೂಪಾಯಿ ಎಂದಿಟ್ಟುಕೊಳ್ಳಿ. ಉಣಕಲ್ ಹತ್ತಿರ ಲಾರಿಯೊಂದು ಉಜ್ಜಿ ಬಾಗಿಲು, ಮಡ್‌ಗಾರ್ಡ್ ಹೋದವು. ತಗಡಿನ ಭಾಗಗಳಿಗೆ 12,000, ಟಿಂಕರಿಂಗ್ ಕೂಲಿ 10,000, ಪೇಂಟಿಂಗ್ 16,000, ಒಟ್ಟು 38,000 ರೂಪಾಯಿ ಬಿಲ್ಲು. ಹತ್ತು ವರ್ಷ ದಾಟಿದ ಕಾರಿನ ಲೋಹದ ಭಾಗಗಳಿಗೆ ಅರ್ಧ ಸವಕಳಿ ಕಳೆಯುತ್ತಾರೆ: 6,000 ಹೋಯಿತು. ಪೇಂಟಿಂಗ್ ಬಿಲ್ಲಿನ ಕಾಲುಭಾಗವನ್ನು ಸಾಮಗ್ರಿಯೆಂದು ಹಿಡಿದು ಅದರಲ್ಲಿ ಅರ್ಧ ಕಳೆಯುತ್ತಾರೆ: 2,000 ಹೋಯಿತು. ಕೂಲಿಗೆ ಕಡಿತವಿಲ್ಲ. 1500 ಸಿಸಿವರೆಗಿನ ಕಾರಿಗೆ ಮಾಲೀಕ ಭರಿಸಲೇಬೇಕಾದ ಪಾಲು 1,000 ರೂಪಾಯಿ. ಉಳಿದದ್ದು 29,000.

ಇಷ್ಟು ಬಂದರೂ ಸಾಕು ಎನ್ನಿಸಬಹುದು. ಆದರೆ ರಿಪೇರಿಯ ಖರ್ಚು ಐಡಿವಿಯ ಶೇಕಡ 75ನ್ನು ಮೀರಿದರೆ ಕಾರು ಪೂರ್ಣ ನಷ್ಟವೆಂದು ಲೆಕ್ಕ. 35,000ದ ಮುಕ್ಕಾಲು 26,250 ರೂಪಾಯಿ. ಎರಡು ವಾರದಲ್ಲಿ ಗೋಕುಲ ರಸ್ತೆಯ ಗ್ಯಾರೇಜಿನಿಂದ ಸರಿಯಾಗಿ ಹೊರಬರಬಹುದಾಗಿದ್ದ ಕಾರು ಕಾಗದದ ಮೇಲೆ ಗುಜರಿಯಾಯಿತು. ಅದೇ ಕಾರಿನ ಐಡಿವಿ 1.5 ಲಕ್ಷ ಇದ್ದಿದ್ದರೆ ಮುಕ್ಕಾಲು ಭಾಗ 1,12,500 ರೂಪಾಯಿ. 29,000ದ ಕ್ಲೇಮ್ ಸಾಮಾನ್ಯ ರಿಪೇರಿಯಾಗಿ ಮುಗಿಯುತ್ತಿತ್ತು.

ಹೆಚ್ಚುವರಿ ಪ್ರೀಮಿಯಮ್ ಎಷ್ಟು? ಸ್ವಂತ ಹಾನಿಯ ದರ 2007ರಿಂದ ಕಂಪನಿಗಳ ಇಷ್ಟಕ್ಕೆ ಬಿಟ್ಟದ್ದು. ಹಳೆಯ ಟ್ಯಾರಿಫ್ ದರ ಈಗಲೂ ಅಳತೆಗೋಲಾಗಿ ಉಪಯೋಗಕ್ಕೆ ಬರುತ್ತದೆ. ಅದರಲ್ಲಿ ಬೆಂಗಳೂರಿನಂಥ ಮಹಾನಗರಗಳು ಎ ವಲಯ, ಹುಬ್ಬಳ್ಳಿ-ಧಾರವಾಡ ಬಿ ವಲಯ. ಹತ್ತು ವರ್ಷ ದಾಟಿದ, 1000ದಿಂದ 1500 ಸಿಸಿಯ ಕಾರಿಗೆ ಬಿ ವಲಯದಲ್ಲಿ ಐಡಿವಿಯ ಶೇಕಡ 3.43. 35,000ಕ್ಕೆ 1,200 ರೂಪಾಯಿ, 1.5 ಲಕ್ಷಕ್ಕೆ 5,145 ರೂಪಾಯಿ. ವರ್ಷಕ್ಕೆ ನಾಲ್ಕು ಸಾವಿರದ ಒಳಗಿನ ಅಂತರ. ಕ್ಲೇಮ್ ಇಲ್ಲದ ವರ್ಷಗಳಿಗೆ ಶೇಕಡ 20ರಿಂದ 50ರವರೆಗೆ ನೋ ಕ್ಲೇಮ್ ಬೋನಸ್ ಸಿಕ್ಕರೆ ಇದೂ ಇಳಿಯುತ್ತದೆ. ಪಾಲಿಸಿ ಮುಗಿದು 90 ದಿನ ದಾಟಿದರೆ ಮಾತ್ರ ಆ ಬೋನಸ್ ಹೋಯಿತೆಂದೇ ತಿಳಿಯಬೇಕು.

ಒಪ್ಪಿದ ಬೆಲೆಯನ್ನು ಸವಕಳಿ ಕಳೆಯದೆ ಕೊಡುವ ಪಾಲಿಸಿಯೂ ಟ್ಯಾರಿಫಿನಲ್ಲಿದೆ, ಜೊತೆಗೆ ಸ್ವಂತ ಹಾನಿಯ ಪ್ರೀಮಿಯಮ್ಮಿನಲ್ಲಿ ಶೇಕಡ 25 ರಿಯಾಯಿತಿ. ಆದರೆ ಅದು 1940ರ ಡಿಸೆಂಬರ್ 31ಕ್ಕಿಂತ ಮೊದಲು ತಯಾರಾದ, ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್ ಆಫ್ ಇಂಡಿಯಾ ಪ್ರಮಾಣೀಕರಿಸಿದ ಕಾರುಗಳಿಗಷ್ಟೇ. ಸಾರಿಗೆ ಇಲಾಖೆಯ ಅಳತೆ 50 ವರ್ಷ, ವಿಮೆಯ ಅಳತೆ 1940. ನಮ್ಮೂರಿನ ಫಿಯಾಟು, ಅಂಬಾಸಿಡರುಗಳು ವಿಮೆಯ ಈ ಸೌಲಭ್ಯದಿಂದ ಸಂಪೂರ್ಣ ಹೊರಗೆ.

ಒಳಗೆ ಕೂತವರ ಗತಿ

“ಥರ್ಡ್ ಪಾರ್ಟಿ ಸಾಕು” ಎಂಬ ಸಲಹೆ ಹೆಚ್ಚು ಅಪಾಯಕಾರಿಯಾಗುವುದು ಇಲ್ಲಿ. ಥರ್ಡ್ ಪಾರ್ಟಿ ಪಾಲಿಸಿ ದಾರಿಯಲ್ಲಿರುವವರನ್ನು ಕಾಯುತ್ತದೆ. ನಮ್ಮ ಕಾರಿನಲ್ಲಿ ಬಾಡಿಗೆಯಿಲ್ಲದೆ ಕೂತ ಹೆಂಡತಿ, ಮಕ್ಕಳು, ಗೆಳೆಯರನ್ನು ಅದು ಕಾಯುವುದಿಲ್ಲ. ಬಾಡಿಗೆ ಕೊಡದೆ ಬಂದವರಿಗೆ ಕಾಯ್ದೆಯ ಕನಿಷ್ಠ ಪಾಲಿಸಿ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 2006ರಲ್ಲಿ, ದ್ವಿಚಕ್ರ ವಾಹನದ ಹಿಂಬದಿ ಸವಾರರ ಪ್ರಕರಣವೊಂದರಲ್ಲಿ ಹೇಳಿತು. ಪ್ಯಾಕೇಜ್ ಪಾಲಿಸಿ, ಅಂದರೆ ಫುಲ್ ಇನ್ಶೂರೆನ್ಸ್, ಇದ್ದರೆ ಕಾರಿನೊಳಗಿನವರಿಗೂ ರಕ್ಷಣೆಯಿದೆ ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2009ರ ನವೆಂಬರಿನಲ್ಲಿ ಸುತ್ತೋಲೆ ಹೊರಡಿಸಿತು, 2012ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ಹಳೆಯ ಕಾರಿನಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ, ಎಷ್ಟೋ ಕಾರುಗಳಲ್ಲಿ ಸೀಟ್ ಬೆಲ್ಟೂ ಇಲ್ಲ. ಗಬ್ಬೂರಿನಿಂದ ನರೇಂದ್ರದವರೆಗಿನ ಬೈಪಾಸು ಎಷ್ಟು ಅಪಾಯದ ರಸ್ತೆ ಎಂದು ಅವಳಿನಗರದವರಿಗೆ ಹೇಳಬೇಕಿಲ್ಲ. 2021ರ ಜನವರಿಯಲ್ಲಿ ಇಟಿಗಟ್ಟಿ ಬಳಿ ದಾವಣಗೆರೆಯ ಗೆಳತಿಯರಿದ್ದ ಟೆಂಪೊ ಟ್ರಾವೆಲರ್‌ಗೆ ಆದ ದುರಂತವನ್ನು ಯಾರೂ ಮರೆತಿಲ್ಲ. ಇಂಥ ರಸ್ತೆಯಲ್ಲಿ ಮನೆಯವರನ್ನು ಕೂರಿಸಿಕೊಂಡು ಹೋಗುವ ಹಳೆಯ ಕಾರಿಗೆ ಬರೀ ಥರ್ಡ್ ಪಾರ್ಟಿ ಇರುವುದು ಸರಿಯಲ್ಲ. ಐಡಿವಿ ಚಿಕ್ಕದಾದರೂ ಆಗಲಿ, ಪ್ಯಾಕೇಜ್ ಪಾಲಿಸಿ ಇರಲಿ. ಜೊತೆಗೆ ಓಡಿಸುವ ಮಾಲೀಕರಿಗೆ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಇದೆಯೇ ಎಂದು ಖಾತ್ರಿ ಮಾಡಿಕೊಳ್ಳಬೇಕು.

ಬೇರೆ ಕಡೆ ಏನಿದೆ?

ಜರ್ಮನಿಯಲ್ಲಿ 30 ವರ್ಷ ದಾಟಿದ, ಮೂಲ ರೂಪದಲ್ಲಿರುವ ಕಾರಿಗೆ ತಜ್ಞರ ವರದಿಯ ಮೇಲೆ “ಎಚ್” ಅಕ್ಷರದ ನಂಬರ್ ಪ್ಲೇಟು ಕೊಡುವ ಪದ್ಧತಿ 1997ರಿಂದ ಇದೆ. ಆ ಕಾರನ್ನು ದಿನಾ ಓಡಿಸಲು ಅಡ್ಡಿಯಿಲ್ಲ. ಅಮೆರಿಕದ ಸಂಗ್ರಹಕಾರರ ಪಾಲಿಸಿಗಳಲ್ಲಿ ಒಪ್ಪಿದ ಬೆಲೆ ಪೂರ್ತಿ ಸಿಗುತ್ತದೆ. ಆದರೆ ದಿನಬಳಕೆಗೆ ಮನೆಯಲ್ಲಿ ಇನ್ನೊಂದು ಕಾರು ಇರಬೇಕೆಂಬ ಷರತ್ತು ಅಲ್ಲಿ ಸಾಮಾನ್ಯ. ನಮಗೆ ಹೊಂದುವುದು ಜರ್ಮನಿಯ ದಾರಿ: ಗಟ್ಟಿತನವನ್ನು ಪರೀಕ್ಷಿಸಿ, ಬೆಲೆಯನ್ನು ತಜ್ಞರಿಂದ ಬರೆಸಿ, ಆಮೇಲೆ ಓಡಿಸಲು ಬಿಡುವುದು. ನಮ್ಮಲ್ಲೂ 2022ರ ಜುಲೈನಿಂದ ಓಡಿಸಿದಷ್ಟಕ್ಕೇ ಪ್ರೀಮಿಯಮ್ ಕಟ್ಟುವ, ಒಬ್ಬರ ಹೆಸರಿನ ಹಲವು ವಾಹನಗಳಿಗೆ ಒಂದೇ ಪಾಲಿಸಿ ಮಾಡುವ ಅವಕಾಶ ಕಂಪನಿಗಳಿಗೆ ಸಿಕ್ಕಿದೆ. ಹಳೆಯ ಕಾರಿಗೆ ಒಪ್ಪಿದ ಬೆಲೆಯ ಪಾಲಿಸಿಯನ್ನು 1940ರ ಗೆರೆಯಿಂದ ಬಿಡಿಸಿ, 25 ವರ್ಷ ದಾಟಿದ, ಪಾಸಿಂಗ್ ಆದ ಎಲ್ಲ ಕಾರುಗಳಿಗೂ ತೆರೆಯುವುದು ಕಷ್ಟದ ಕೆಲಸವಲ್ಲ.

ಕಾರಿನವರಿಗೆ

ಅಲ್ಲಿಯವರೆಗೆ ನಾವೇ ಮಾಡಬಹುದಾದ ಕೆಲಸಗಳಿವೆ. ಖರ್ಚಿಗೆ ಮಿತಿಯಿದ್ದರೆ ಕ್ರಮ ಹೀಗಿರಲಿ: ಮೊದಲು ಬ್ರೇಕು, ಟೈರು, ನಂತರ ಪಾಸಿಂಗ್ ಮತ್ತು ಎಮಿಷನ್, ನಂತರ ಪ್ಯಾಕೇಜ್ ಪಾಲಿಸಿ ಮತ್ತು ವೈಯಕ್ತಿಕ ಅಪಘಾತ ವಿಮೆ, ಕೊನೆಗೆ ಐಡಿವಿಯ ಚೌಕಾಸಿ. ಚೌಕಾಸಿಗೆ ಬರಿಗೈಯಲ್ಲಿ ಹೋಗಬೇಡಿ. ಕಾರಿನ ನಾಲ್ಕೂ ಬದಿಯ, ಒಳಗಿನ, ಎಂಜಿನ್ನಿನ, ಚಾಸಿ ಸಂಖ್ಯೆಯ ಫೋಟೊ, ಎಂಜಿನ್ ಇಳಿಸಿ ಮಾಡಿಸಿದ ಕೆಲಸದ ಬಿಲ್ಲು, ಪೇಂಟಿಂಗ್ ಬಿಲ್ಲು, ಲೈಸೆನ್ಸ್ ಇರುವ ಸರ್ವೇಯರಿಂದ ಬರೆಸಿದ ಮೌಲ್ಯಮಾಪನ, ಇಷ್ಟನ್ನು ಒಂದು ಫೈಲಿನಲ್ಲಿ ಜೋಡಿಸಿ. ಸರ್ಕಾರಿ ವಿಮಾ ಕಂಪನಿಗಳು ನಾಲ್ಕಕ್ಕೂ ಹುಬ್ಬಳ್ಳಿಯಲ್ಲಿ ಕಚೇರಿಗಳಿವೆ. ಫೋನಿನಲ್ಲಿ ಮುಗಿಸದೆ ಅಲ್ಲಿಗೆ ಹೋಗಿ, ಗಾಡಿ ತೋರಿಸಿ, ಬೆಲೆಯನ್ನು ಪಾಲಿಸಿಯ ಮೇಲೆ ಬರೆಸಿಕೊಳ್ಳಿ. ಒಂದು ಕಡೆ ಆಗುವುದಿಲ್ಲ ಎಂದರೆ ಇನ್ನೊಂದು ಕಡೆ ಕೇಳಿ.

ಕ್ಲೇಮ್ ವಿಚಾರದಲ್ಲಿ ಅನ್ಯಾಯವಾದರೆ ಮೊದಲು ಕಂಪನಿಗೆ ಬರಹದಲ್ಲಿ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಸಮಾಧಾನವಾಗದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ಬರೆಯಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಅಪಘಾತವಾದ ಮೇಲೆ ಹಳೆಯ ಕಾರಿನ ಬೆಲೆಯನ್ನು ಸಾಧಿಸಿ ತೋರಿಸುವುದು ಬಹಳ ಕಷ್ಟ. ಕಾರು ಸುಸ್ಥಿತಿಯಲ್ಲಿ ನಿಂತಿರುವಾಗಲೇ ಆ ಬೆಲೆಯನ್ನು ಬರೆಸಿಡಿ. ಮುಂದಿನ ನವೀಕರಣದ ತಾರೀಖು ಯಾವುದೆಂದು ಇಂದೇ ನೋಡಿಕೊಳ್ಳಿ.